ಬೆಲ್ಜಿಯಂ ಮಠದ ತೀರ್ಥ

ಶಿಗ್ಗಾಂವಿಯ ನಮ್ಮ ಓಣಿಯಲ್ಲಿ ಮಹಾಲಿಂಗಪ್ಪನ ನಾಲಿಗೆಯ ಬಗ್ಗೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. ಬಸ್ ಸ್ಟ್ಯಾಂಡಿನ ಎದುರು ಸವಣೂರಿನ ವೀಳ್ಯದೆಲೆ ಮಾರುವ ಮನುಷ್ಯ. ಎಲೆಯ ತುದಿ ಹರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ಇದು ಕೆರಿ ದಂಡಿ ತ್ವಾಟದ್ದು. ಮೊನ್ನೆ ನೀರು ಹಾಯಿಸ್ಯಾರ. ಕೊಯ್ಯೂ ಮುಂದ ಮಾಲಕಗ ಸಿಟ್ಟು ಬಂದಿತ್ತು" ಎಂದು ಹೇಳಿಬಿಡುತ್ತಾನೆ. ಮೊದಲಿನ ಎರಡು ಮಾತು ಯಾವಾಗಲೂ ಖರೆ. ಮೂರನೆಯದನ್ನು ವಿಚಾರಿಸಲು ಸವಣೂರಿಗೆ ಹೋಗಿಬಂದವರು ಯಾರೂ ಇಲ್ಲ. ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಮುಂದೆ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಗೋಡೆಯಾಚೆಯಿಂದ ಕಿವಿಯಾರೆ ಕೇಳಿದ್ದು.

ಇಂಥ ನಾಲಿಗೆ ಇದ್ದರೂ ಮಹಾಲಿಂಗಪ್ಪನಿಗೆ ಹುಟ್ಟಿದಾಗಿನಿಂದ ಒಂದು ಕುರ್ಚಿ ದಕ್ಕಿರಲಿಲ್ಲ. ಗುಡಿಯ ಕಮಿಟಿಯಲ್ಲಿ ಅವನು ಪ್ರಸಾದ ಬಡಿಸುವವನು. ಮದುವೆ ಮನೆಗಳಲ್ಲಿ ಎಲೆ ಅಡಿಕೆಯ ತಾಟು ಹಿಡಿದು ಬಾಗಿಲಲ್ಲಿ ನಿಲ್ಲುವವನು. ಓಣಿಯಲ್ಲಿ ಯಾವ ಸಭೆ ನಡೆದರೂ ಕುರ್ಚಿಗಳನ್ನು ಸಾಲಾಗಿ ಹಾಕುವವನು ಅವನೇ, ಸಭೆ ಮುಗಿಯುವತನಕ ಕಂಬಕ್ಕೆ ಆತುಕೊಂಡು ನಿಲ್ಲುವವನೂ ಅವನೇ. ಒಂದು ಸಲವಾದರೂ ವೇದಿಕೆಯ ಮೇಲೆ, ನಡುವಿನ ಕುರ್ಚಿಯಲ್ಲಿ, ಕೊರಳಲ್ಲಿ ಹಾರ ಹಾಕಿಸಿಕೊಂಡು ಕೂಡಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅಂಗಡಿಯ ಸ್ಟೂಲಿನ ಮೇಲೆ ಕೂತಾಗಲೂ ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಆ ಯೋಗ ಈ ವರ್ಷ ಬಂತು. ನಮ್ಮ ಓಣಿಯ ವ್ಯಸನಮುಕ್ತ ಸಮಿತಿಗೆ ಅಧ್ಯಕ್ಷರು ಬೇಕಾಗಿದ್ದರು. ಈ ಸಮಿತಿಯನ್ನು ಹುಟ್ಟಿಸಿದವಳು ರೊಟ್ಟಿ ಬಡಿದು ಮಾರುವ ಅಡಿವೆವ್ವ. ಅವಳ ಗಂಡ ಕುಡಿದೇ ಸತ್ತ. ಅದಾದ ಮೇಲೆ ಅವಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದು, ಓಣಿಯ ಕಳ್ಳ ಸೆರೆ ಅಂಗಡಿಯನ್ನು ಎಬ್ಬಿಸಿ ಓಡಿಸಿದಳು. ಕುರ್ಚಿಯ ಮೇಲೆ ಕೂಡು ಎಂದರೆ ಮಾತ್ರ ಒಪ್ಪುವುದಿಲ್ಲ. "ನನಗ ಯಾಕ ಕುರ್ಚಿ? ಕುಡಿಯೋರು ಗಂಡಸರು. ಗಂಡಸರಾಗ ಒಬ್ಬಾವ ಮುಂದ ಕುಂತು ಜವಾಬು ಕೊಡ್ಲಿ" ಎನ್ನುತ್ತಾಳೆ.

ಅವಳು ಹಾಕಿದ ಕಟ್ಟಳೆ ಒಂದೇ. ಅಧ್ಯಕ್ಷನಾಗುವವನು ಮೊರದ ತುಂಬ ಸುರಿದ ಜೋಳದ ಮೇಲೆ ಬಲಗೈ ಊರಿ, "ನಾನು ಇವತ್ತಿನವರೆಗೂ ಕುಡಿದಿಲ್ಲ, ಇನ್ನ ಮ್ಯಾಲೂ ಕುಡಿಯೂದಿಲ್ಲ" ಎಂದು ಓಣಿಯೆದುರು ಆಣೆ ಮಾಡಬೇಕು. ಕುಡಿಯುವವನ ಮನೆಯಲ್ಲಿ ಮೊದಲು ಖಾಲಿಯಾಗುವುದು ಜೋಳದ ಡಬ್ಬಿ, ಅದಕ್ಕೇ ಅದರ ಮೇಲೆಯೇ ಆಣೆ ಎಂಬುದು ಅವಳ ಮಾತು. ಈ ಮೊರವನ್ನು ನೋಡಿಯೇ ಓಣಿಯ ಅರ್ಧ ಗಂಡಸರು ತಮಗೆ ಸೊಂಟನೋವು, ಅಧ್ಯಕ್ಷಗಿರಿ ಆಗುವುದಿಲ್ಲ ಎಂದಿದ್ದರು.

ಕೊನೆಗೆ ಮುಂದೆ ಬಂದವರು ಇಬ್ಬರೇ. ಒಬ್ಬ ಮಹಾಲಿಂಗಪ್ಪ. ಇನ್ನೊಬ್ಬ ಸಂಜಯ, ಮಹಾಲಿಂಗಪ್ಪನ ಹೆಂಡತಿ ವೀರವ್ವನ ಖಾಸಾ ತಮ್ಮ. ಗೊಬ್ಬರದ ಅಂಗಡಿ, ಕಪ್ಪು ಕನ್ನಡಕ, ಮಾತಿಗೊಮ್ಮೆ "ನಂದೊಂದು ಲೆವೆಲ್ ಐತಿ" ಎನ್ನುವ ಮನುಷ್ಯ. ಇಬ್ಬರೂ ಹನಿ ಮುಟ್ಟದವರು. ಓಣಿ ಸರಿಯಾಗಿ ಎರಡು ಭಾಗವಾಯಿತು, ವೀರವ್ವ ಒಬ್ಬಳೇ ಎರಡೂ ಕಡೆ ಹಂಚಿಹೋದಳು.

ಇಲ್ಲಿ ಲೀಸ್ಬೆತ್ ಬಾಯಿಯ ವಿಷಯ ಹೇಳಬೇಕು. ಈಕೆ ಬೆಲ್ಜಿಯಂ ದೇಶದವಳು. ಬೀಸುಕಲ್ಲಿನ ಹಾಡು ಕಲಿಯಲು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಬಂದವಳು ಮಹಾಲಿಂಗಪ್ಪನ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದಳು. ಕನ್ನಡವನ್ನು ಪೂರ್ತಿ ಹಾಡುಗಳಿಂದಲೇ ಕಲಿತಿದ್ದರಿಂದ ಒಂದು ಲೋಟ ನೀರು ಬೇಕಾದರೂ "ತಣ್ಣನ್ನ ನೀರ ತಾರವ್ವ ನನ್ನಕ್ಕ" ಎಂದು ರಾಗವಾಗಿ ಕೇಳುತ್ತಿದ್ದಳು. ವೀರವ್ವ ಅವಳನ್ನು ಲೀಸವ್ವ ಮಾಡಿಕೊಂಡು ಶೇಂಗಾ ಹಿಂಡಿ, ಕೆಂಪು ಖಾರ ತಿನ್ನಿಸಿ, ಕಣ್ಣೀರು ಒರೆಸಿ, ಮತ್ತೆ ತಿನ್ನಿಸಿ ಸಾಕಿದಳು.

ಊರಿಗೆ ಹೊರಟ ದಿನ, ಹುಬ್ಬಳ್ಳಿಯ ಕಾರು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾಗ, ಲೀಸವ್ವ ಚೀಲದಿಂದ ಒಂದು ಬಾಟಲಿ ತೆಗೆದಳು. ದಪ್ಪ ಗಾಜು, ಕಡುಕಂದು ಬಣ್ಣ, ಬಾಯಿಗೆ ಬೆಂಡಿನ ಬಿರಡೆ, ಬಿರಡೆ ಹಾರದಂತೆ ತಂತಿಯ ಬಿಗಿತ. ಹೊರಗಿನ ಚೀಟಿಯ ಮೇಲೆ ತಲೆಗೆ ಮುಸುಕು ಹಾಕಿಕೊಂಡು ಕೈಮುಗಿದ ಗಡ್ಡದ ಮುದುಕರ ಚಿತ್ರ.

"ಅಣ್ಣಾ, ಇದು ನಮ್ಮೂರ ಮಠದಾಗ ಸ್ವಾಮಿಗಳು ತಮ್ಮ ಕೈಯಾರ ಮಾಡಿದ್ದು. ಹಿಂದಿನ ಸ್ವಾಮಿಗಳಿಗೆ ಉಪವಾಸದಾಗ ಇದ ಊಟ. ತಂಪಿನ್ಯಾಗ, ಕತ್ತಲ್ಯಾಗ ಇಡ್ರಿ. ದೊಡ್ಡ ದಿನಾ ಬಂದಾಗ ತಗೀರಿ. ಎಲ್ಲಾರೂ ಸ್ವಲ್ಪ ಸ್ವಲ್ಪ" ಎಂದಳು. ವೀರವ್ವನ ಕೊರಳಿಗೆ ಬಿದ್ದು ಗಳಗಳ ಅತ್ತಳು. ಕಾರು ಹೋಯಿತು.

ಪಾಪ, ಅವಳು ಹೇಳಿದ ಒಂದೊಂದು ಅಕ್ಷರವೂ ಖರೆ. ಬಾಟಲಿಯೊಳಗೆ ಏನಿದೆ ಎಂದು ಬಿಡಿಸಿ ಹೇಳುವುದು ಅವಳಿಗೆ ಹೊಳೆಯಲಿಲ್ಲ, ಯಾಕೆಂದರೆ ಅವಳ ಊರಲ್ಲಿ ಅಂಥ ಬಾಟಲಿ ನೋಡಿ ಸಣ್ಣ ಮಕ್ಕಳೂ ಹೇಳುತ್ತಾರಂತೆ. ನಮ್ಮ ಓಣಿಯ ಮಕ್ಕಳಿಗೆ ಗೊತ್ತಿರುವುದು ಬೇರೆ. ಮಠದಿಂದ, ಸ್ವಾಮಿಗಳ ಕೈಯಿಂದ ಬಂದದ್ದು ಯಾವುದೇ ಇರಲಿ, ಅದು ಪ್ರಸಾದ. ಬೇಡ ಎನ್ನುವಂತಿಲ್ಲ, ಚೆಲ್ಲುವಂತಿಲ್ಲ, ಇದೇನು ಎಂದು ಕೇಳುವಂತೆಯೂ ಇಲ್ಲ.

ವೀರವ್ವ ಸೆರಗೊಡ್ಡಿ ಇಸಿದುಕೊಂಡಳು. ಮನೆಯಲ್ಲಿ ತಂಪೂ ಕತ್ತಲೂ ಇರುವ ಜಾಗ ಒಂದೇ, ದೇವರ ಜಗುಲಿ. ಬಾಟಲಿ ಅಲ್ಲಿ ಕೂತಿತು. ಅವಳು ಅದರ ಚೀಟಿಯ ಮೇಲೆ ಮೂರು ಬೆರಳಿನಿಂದ ಅಗಲವಾಗಿ ವಿಭೂತಿ ಎಳೆದಳು. ಗಡ್ಡದ ಸ್ವಾಮಿಗಳ ಕೆಳಗಿದ್ದ ಸಣ್ಣ ಅಕ್ಷರಗಳೆಲ್ಲ ಆ ಮೂರು ಪಟ್ಟೆಯ ಅಡಿಯಲ್ಲಿ ಶಾಂತವಾಗಿ ಮುಚ್ಚಿಹೋದವು.

ಸುದ್ದಿ ತಾಲೂಕು ದಾಟಿತು. ಹಿರೇಕೆರೂರಿನಿಂದ ವೀರವ್ವನ ಚಿಗವ್ವ ಬಂದು ಬಾಟಲಿಯನ್ನು ನೋಯುವ ಮೊಣಕಾಲಿಗೆ ಮುಟ್ಟಿಸಿಕೊಂಡು, ಬರುವಾಗ ಆಟೋದಲ್ಲಿ ಬಂದವಳು ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದಳು. ಹಾನಗಲ್ಲಿನ ಬೀಗರು ಫೋಟೋ ತೆಗೆದು ತಮ್ಮ ವಾಟ್ಸಪ್ ಗುಂಪಿಗೆ ಹಾಕಿದರು. ಎದುರುಮನೆಯ ಜನ್ನತಬಿ ಬಾಗಿಲಲ್ಲೇ ನಿಂತು, "ನಾವೂ ಹುಲಗೂರ ದರ್ಗಾದಿಂದ ಬಾಟ್ಲಿಯೊಳಗ ನೀರು ತರ್ತೇವ್ರಿ ವೀರವ್ವಾರ. ಆದ್ರ ಇಂಥಾ ತಂತಿ ಕಟ್ಟಿದ್ದು ನೋಡಿಲ್ಲ. ಒಳಗ ಭಾಳ ಶಕ್ತಿ ಐತಿ, ಅದಕ್ಕ ಕಟ್ಯಾರ" ಎಂದಳು. ಆಮೇಲೆ ನಡೆದದ್ದನ್ನು ನೆನೆದರೆ ಇಡೀ ಓಣಿಯಲ್ಲಿ ತಿಳಿದು ಮಾತಾಡಿದವಳು ಅವಳೊಬ್ಬಳೇ.

ಮಹಾಲಿಂಗಪ್ಪನ ನಡಿಗೆ ಬದಲಾಯಿತು. ಎಲೆ ಕಟ್ಟುತ್ತ ಗಿರಾಕಿಗಳಿಗೆ "ನಮ್ಮ ಬೆಲ್ಜಿಯಂ ಸ್ವಾಮಿಗಳು" ಎನ್ನತೊಡಗಿದ. ಸಂಜಯನ ಹೊಟ್ಟೆ ಉರಿಯಿತು.

"ಮಾಮಾ, ಎಷ್ಟ ದಿನಾ ಇಡ್ತೀರಿ? ಹಳಸಿ ಹೋದೀತು. ಒಂದೀಟು ಕಾಸಿ ಇಡ್ರಿ" ಎಂದ.

"ಏ ಹುಚ್ಚಪ್ಪಾ, ಮಠದ್ದು ಹಳಸೂದಿಲ್ಲೋ. ಸಮಿತಿ ಸಭಾದ ದಿನಾ ತಗೀತೇನಿ. ನನ್ನ ಕೈಲೆ ಓಣಿಗೆಲ್ಲಾ ತೀರ್ಥ ಕೊಡ್ತೇನಿ. ಆಮ್ಯಾಲ ನೋಡೂಣು, ಯಾರು ಅಧ್ಯಕ್ಷ ಆಕ್ಕಾರಂತ!"

ಸಭೆ ರವಿವಾರ ಮುಂಜಾನೆ, ಗುಡಿಯ ಮುಂದಿನ ಬಯಲಿನಲ್ಲಿ. ಫಕ್ರುಸಾಬನ ಶಾಮಿಯಾನ, ಫಕ್ರುಸಾಬನದೇ ಮೈಕು. ವೇದಿಕೆಯ ಹಿಂದೆ 'ವ್ಯಸನವೇ ವಿಷ' ಎಂಬ ಬ್ಯಾನರು. ನಡುವೆ ಹೂವಿನ ಹೊದಿಕೆಯ ಖಾಲಿ ಕುರ್ಚಿ, ಅದರೆದುರು ಜೋಳದ ಮೊರ. ಮುಖ್ಯ ಅತಿಥಿ ಅಬಕಾರಿ ಇಲಾಖೆಯ ದುರ್ಗೇಶ ಸಾಹೇಬರು. ಸುತ್ತಲ ಹಳ್ಳಿಗಳ ಕಳ್ಳಭಟ್ಟಿಗಳು ಆ ಮನುಷ್ಯನ ಮೀಸೆ ನೋಡಿಯೇ ಆರಿಹೋಗಿದ್ದವೆಂದು ಹೆಸರು. ಓಣಿಗೆ ಓಣಿಯೇ ಬಂದಿತ್ತು. ಹಾರದ ತಾಟು ಹಿಡಿಯುವ ಜವಾಬ್ದಾರಿ ನನ್ನದಾಗಿದ್ದರಿಂದ ನಾನು ವೇದಿಕೆಯ ಮೇಲೆಯೇ ಇದ್ದೆ.

ಮಹಾಲಿಂಗಪ್ಪ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಜನಕ್ಕೆ ತೋರಿಸಿದ. ತಂತಿ ಬಿಚ್ಚಿದ. ಬಿರಡೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ನೂಕಿದನೋ ಇಲ್ಲವೋ, ಢಮಾರ್! ಬಿರಡೆ ಅವನ ಕಿವಿಯ ಪಕ್ಕದಿಂದ ಹಾರಿ ಬ್ಯಾನರಿನ ಸರಿಯಾಗಿ 'ವಿಷ'ದ ಮೇಲೆ ಬಡಿಯಿತು. ಮುಂದಿನ ಸಾಲಿನ ನಾಲ್ಕು ಮಂದಿ ಕುರ್ಚಿಯ ಕೆಳಗೆ ಕೂತರು. ಬಾಟಲಿಯ ಬಾಯಿಯಿಂದ ಬೆಳ್ಳನೆಯ ನೊರೆ ಬುಸುಬುಸು ಏರಿ ಮಹಾಲಿಂಗಪ್ಪನ ಕೈಮೇಲೆ ಇಳಿಯಿತು.

ವೀರವ್ವ ಎದ್ದು ನಿಂತು ಕೂಗಿದಳು: "ಯವ್ವಾ, ಹೊಸಾ ಮನ್ಯಾಗ ಹಾಲು ಉಕ್ಕಿದಂಗ ಉಕ್ಕಿತು ನೋಡ್ರೆ! ಒಳ್ಳೇದಾತು, ಒಳ್ಳೇದಾತು!"

ಸಭೆ ಚಪ್ಪಾಳೆ ತಟ್ಟಿತು. ಕುರ್ಚಿಯ ಕೆಳಗಿದ್ದವರು ಅಲ್ಲಿಂದಲೇ ಕೈಮುಗಿದರು.

"ಮೊದಲ ನೀವ ತಗೋರಿ. ನಿಮ್ಮ ನಾಲಿಗಿ ಏನ್ ಹೇಳತೈತಿ ನೋಡೂಣು" ಎಂದು ಜನ ಒತ್ತಾಯ ಮಾಡಿದರು. ಮಹಾಲಿಂಗಪ್ಪ ಬೆಳ್ಳಿಯ ತಂಬಿಗೆಗೆ ಬಗ್ಗಿಸಿದ. ಬಣ್ಣ ಕಪ್ಪು ಎನಿಸಿತು, ಬಿಸಿಲು ಬಿದ್ದಾಗ ಒಳಗಿನಿಂದ ಮಾಣಿಕ್ಯದ ಕೆಂಪು ಕಂಡಿತು. ಉದ್ಧರಣೆಯಿಂದ ಅಂಗೈಗೆ ಹಾಕಿಕೊಂಡು, ಕಣ್ಣಿಗೊತ್ತಿಕೊಂಡು, ಬಾಯಿಗೆ ಬಿಟ್ಟುಕೊಂಡ. ಕಣ್ಣು ಮುಚ್ಚಿದ.

ತೆರೆಯಲೇ ಇಲ್ಲ. ಫಕ್ರುಸಾಬ ಮೈಕನ್ನು ಅವನ ಬಾಯಿಯ ಹತ್ತಿರ ತಂದ. ಇಡೀ ಬಯಲಿಗೆ ಮಹಾಲಿಂಗಪ್ಪ ನಾಲಿಗೆ ಚಪ್ಪರಿಸಿದ್ದು ಕೇಳಿಸಿತು.

"ಅಯ್ಯಯ್ಯಯ್ಯೋ..." ಎಂದ. "ತಡೀರಿ, ತಡೀರಿ. ಮೊದಲ ಬೆಲ್ಲ ಬಂತು. ಗಾಣದ ಮನ್ಯಾಗ ಕೊಪ್ಪರಿಗಿ ತಳದಾಗ ಕೆರೀತೇವಲ್ಲಾ, ಆ ಕರಿ ಬೆಲ್ಲ. ಅದು ಹೋಗೂದ್ರಾಗ ಉತ್ತತ್ತಿ ಬಂತು. ಅಂಜೂರಿ ಬಂತು. ಈಗ... ಈಗ ಲವಂಗ. ಒಂದ ಲವಂಗ, ಹೆಚ್ಚಿಲ್ಲ. ಆಮ್ಯಾಲ ಗೋಧಿ ಹುಗ್ಗಿ ತಳಾ ಹತ್ತಿದ ವಾಸನಿ! ಬೈಕೋತ ಬೈಕೋತ ಕೆರಕೊಂಡು ತಿಂತೇವಲ್ರಿ, ಅದು! ಕಡೀಕ ಒಂಚೂರು ಕಹಿ, ಚಲೋ ಎಲಿ ಜಗದು ನುಂಗಿದ ಮ್ಯಾಲ ಉಳೀತೈತಲ್ಲಾ, ಅಂಥಾದ್ದು. ಮುಗೀತು ಅಂತೇನಿ, ಮುಗಿಯಾಕ ತಯಾರಿಲ್ಲರಿ ಇದು. ಎದ್ಯಾಗ ಯಾರೋ ಕಂಬಳಿ ಹೊಚ್ಚಾಕತ್ತಾರ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಅವನನ್ನು ಚಡ್ಡಿ ಹಾಕುತ್ತಿದ್ದಾಗಿನಿಂದ ಬಲ್ಲೆ, ಇಂಥ ಸುಖ ಅವನ ಮುಖದ ಮೇಲೆ ಮದುವೆಯ ದಿನವೂ ಕಂಡಿರಲಿಲ್ಲ.

ಆಮೇಲೆ ಸಾಲು. ಅಂಥ ಸಾಲನ್ನು ನಮ್ಮ ಓಣಿ ನಲ್ಲಿಯ ಮುಂದೆಯೂ ಹಚ್ಚಿಲ್ಲ. ಒಬ್ಬೊಬ್ಬರಿಗೆ ಒಂದು ಉದ್ಧರಣೆ. ತಗೊಂಡವರು ತಲೆ ಸವರಿಕೊಂಡು ಮುಂದೆ ಹೋಗದೆ, ಅಲ್ಲೇ ನಿಂತು ವಾದಕ್ಕಿಳಿದರು. ಒಬ್ಬರಿಗೆ ಒಣದ್ರಾಕ್ಷಿ ಸಿಕ್ಕಿತ್ತು. ಇನ್ನೊಬ್ಬರಿಗೆ ಕಳಿತ ಬಾಳೆಹಣ್ಣು. ಸಿಕ್ಕದವರು ನೋಡಿಬರುತ್ತೇವೆಂದು ಮತ್ತೆ ಸಾಲಿನ ತುದಿಗೆ ನಿಂತರು. ನಾನು ಎರಡು ಸಲ ಹೋದೆ, ಮೊದಲನೆಯ ಸಲ ಭಕ್ತಿಗೆ, ಎರಡನೆಯ ಸಲ ಲವಂಗಕ್ಕೆ. ಖರೆ ಹೇಳಬೇಕೆಂದರೆ ಅಂಥ ಪದಾರ್ಥ ನನ್ನ ಬಾಯಿಗೆ ಹಿಂದೆಂದೂ ಬಿದ್ದಿರಲಿಲ್ಲ, ಮುಂದೆ ಬೀಳುವ ಭರವಸೆಯೂ ಇಲ್ಲ. ಸಂಜಯ ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ, ಟವೆಲ್ಲು ಸುತ್ತಿಕೊಂಡು ಒಮ್ಮೆ ಬಂದ. ಅಡಿವೆವ್ವ ಒಂದೇ ಸಲ ತಗೊಂಡಳು. ಮೂಗಿನ ಹತ್ತಿರ ಹಿಡಿದು ಮಹಾಲಿಂಗಪ್ಪನ ಮುಖ ನೋಡಿದಳು. ಕುಡಿದಳು. ಹೋಗಿ ಮೊರದ ಪಕ್ಕ ಕೂತಳು.

ದುರ್ಗೇಶ ಸಾಹೇಬರು ಮೊದಲ ಉದ್ಧರಣೆ ನುಂಗಿ ಹುಬ್ಬು ಗಂಟಿಕ್ಕಿದರು. ಎರಡನೆಯದನ್ನು ಕೇಳಿ ಪಡೆದು, ನುಂಗದೆ ಬಾಯೊಳಗೆ ಬಹಳ ಹೊತ್ತು ಇಟ್ಟುಕೊಂಡರು. ಮೀಸೆ ನಿಧಾನವಾಗಿ ಮೇಲೆದ್ದಿತು. ಆಮೇಲೆ ಮಹಾಲಿಂಗಪ್ಪನ ತೋಳು ಹಿಡಿದು ಬ್ಯಾನರಿನ ಹಿಂದಕ್ಕೆ ಕರೆದೊಯ್ದರು. ಹಾರದ ತಾಟಿನ ಸಮೇತ ನಾನೂ ಹಿಂದೆ ಹೋದೆ.

"ಮಾಲಿಂಗಪ್ನೋರ, ಇದು ಬಿಯರ್ ರೀ" ಎಂದರು ಸಾಹೇಬರು.

ಮಹಾಲಿಂಗಪ್ಪ ನಕ್ಕ. ಸಾಹೇಬರು ನಗಲಿಲ್ಲ.

"ಸ್ವಾಮಿಗಳು ಮಾಡಿದ್ದು ಅಂದ್ಳಲ್ರಿ ನಮ್ಮ ಲೀಸವ್ವ!"

"ಸ್ವಾಮಿಗಳ ಮಾಡಿದ್ದು. ಆ ದೇಶದಾಗ ಮಠದವರು ಮಾಡೋ ಪದ್ಧತಿ ಐತಿ. ಆಕಿ ಸುಳ್ಳು ಹೇಳಿಲ್ಲ. ಮತ್ತ ಇದು ನಮ್ಮ ಸಾದಾ ಬಿಯರ್ ಅಲ್ರಿ, ಭಾಳ ಖಡಕ್ಕು. ಇಷ್ಟು ವರ್ಷಾತು ಏನೇನೋ ಹಿಡದೇನಿ, ಜಪ್ತಿ ಮಾಡೇನಿ. ಇಂಥಾದ್ದು ಕೈಗೆ ಸಿಕ್ಕಿರಲಿಲ್ಲ ನೋಡ್ರಿ."

"ಹಂಗಾರ ಸಾಹೇಬರ, ಇದು ಪ್ರಸಾದಾನೋ, ಸೆರೇನೋ?"

ಸಾಹೇಬರು ಯೋಚನೆಗೆ ಬಿದ್ದರು. "ಕಾಯ್ದೆ ಪ್ರಕಾರ ಸೆರೆ. ರುಚಿ ಪ್ರಕಾರ ನೋಡಿದ್ರ..." ಎಂದು ನಿಲ್ಲಿಸಿ, ಖಾಲಿ ಅಂಗೈಯನ್ನು ನೋಡಿಕೊಂಡರು.

ಮಹಾಲಿಂಗಪ್ಪನ ಮುಖ ಇದ್ದಿಲಾಯಿತು. "ನಾ ಸತ್ತೆ. ಓಣಿಗೆಲ್ಲಾ ನನ್ನ ಕೈಯಾರ ಕುಡಿಸಿಬಿಟ್ನೆಲ್ರಿ! ಅದೂ ಅಡಿವೆವ್ವಗ!"

"ಮೆಲ್ಲಕ! ಗೊತ್ತಿರೋದು ನನಗ ಒಬ್ಬಗ. ನಾನೂ ಎರಡು ಸರ್ತಿ ತಗೊಂಡೇನಿ, ನಾ ಯಾಕ ಬಾಯಿ ಬಿಡ್ಲಿ? ಸುಮ್ನ ಹೋಗಿ ಆಣಿ ಮಾಡ್ರಿ, ಕುರ್ಚಿ ಮ್ಯಾಲ ಕುಂದರ್ರಿ. ಮುಗೀತು."

ತಾಟು ಹಿಡಿದು ಪಕ್ಕದಲ್ಲೇ ನಿಂತ ನನಗೂ ಗೊತ್ತಾಯಿತಲ್ಲ ಎಂದು ಯಾರೂ ನನ್ನ ಕಡೆ ನೋಡಲಿಲ್ಲ. ಅದೊಂದು ಬೇಸರ ನನಗೆ ಇವತ್ತಿಗೂ ಇದೆ.

ಹೊರಗೆ ಓಣಿ ತೀರ್ಮಾನ ಮಾಡಿಬಿಟ್ಟಿತ್ತು. "ಮಾಲಿಂಗಪ್ಪನ ಆಗ್ಲಿ! ಮಾಲಿಂಗಪ್ಪನ ಆಗ್ಲಿ!" ಎಂದು ಕೂಗುತ್ತಿತ್ತು. ಎಲ್ಲರ ಮುಖದಲ್ಲೂ ಏನೋ ಕಳೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ಕೂತಿದ್ದರು. ಮಹಾಲಿಂಗಪ್ಪ ನಡುವಿನ ಕುರ್ಚಿಯನ್ನು ನೋಡಿದ. ಅದರ ಹೂವಿನ ಹೊದಿಕೆಯನ್ನು ನೋಡಿದ. ನನ್ನ ಕೈಯಲ್ಲಿದ್ದ ಹಾರವನ್ನಂತೂ ಹಸಿದವನು ಊಟದ ತಾಟು ನೋಡುವ ಹಾಗೆ ನೋಡಿದ. ಮೊರದ ಮುಂದೆ ಕೂತು ಜೋಳದ ಮೇಲೆ ಬಲಗೈ ಊರಿದ. ಫಕ್ರುಸಾಬ ಮೈಕು ಹಿಡಿದ.

"ನಾನು... ಇವತ್ತಿನವರೆಗೂ..." ಎಂದ ಮಹಾಲಿಂಗಪ್ಪ. ಗಂಟಲು ಸರಿಮಾಡಿಕೊಂಡ. "ಇವತ್ತಿನವರೆಗೂ, ಅಂದ್ರ... ಇವತ್ತ ಮುಂಜಾನಿ ಹನ್ನೊಂದೂವರಿ ತನಕಾ ಕುಡಿದಿಲ್ಲ."

ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಸರಿದರು.

"ಹನ್ನೊಂದೂವರಿಗೆ ಕುಡದೆ. ಅದು ತೀರ್ಥ ಅಲ್ಲ, ಸೆರೆ. ಸ್ವಾಮಿಗಳು ಮಾಡಿದ್ದು ಖರೆ, ಆದ್ರ ಸೆರೆ. ನನಗ ಗೊತ್ತಿರಲಿಲ್ರಿ. ನಿಮಗೆಲ್ಲಾರಿಗೂ ನಾನ ಕುಡಿಸೀನಿ. ತಪ್ಪು ನಂದು. ಲೀಸವ್ವಂದಲ್ಲ, ವೀರವ್ವಂದೂ ಅಲ್ಲ."

ಸಾಹೇಬರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಗದ್ದಲ ಏಳುವ ಮೊದಲೇ ಮಹಾಲಿಂಗಪ್ಪ ಇನ್ನೊಂದು ಮಾತು ಸೇರಿಸಿದ. ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು, ಆದರೆ ಕೈ ಇನ್ನೂ ಜೋಳದ ಮೇಲಿತ್ತು.

"ಮತ್ತ... ಭಾಳ ಚಲೋ ಇತ್ತು. ಚಲೋ ಇರಲಿಲ್ಲ ಅಂತ ಈ ಜ್ವಾಳದ ಮ್ಯಾಲ ಕೈ ಇಟ್ಟು ಹೆಂಗ ಹೇಳ್ಲಿ? ನನ್ನ ನಾಲಿಗಿ ಹುಟ್ಟಿದ್ದ ಅದಕ್ಕ ಅನಸ್ತು. ಇನ್ನ ಮ್ಯಾಲ ಕುಡಿಯೂದಿಲ್ಲ. ಕುರ್ಚಿ ನಂಗ ಬ್ಯಾಡ."

ಆಮೇಲೆ ಎದ್ದ ಗಲಾಟೆಯನ್ನು ಏನು ಹೇಳಲಿ! ಹೆಂಗಸರು ಬಾಯಿಗೆ ಸೆರಗು ಹಿಡಿದರು. ಗಂಡಸರು ಒಬ್ಬರನ್ನೊಬ್ಬರು ಮೂಸಿದರು. ವೀರವ್ವ, "ಅಯ್ಯೋ ನನ್ನ ಶಿವನ, ದಿನಾ ಇಬ್ಬತ್ತಿ ಹಚ್ಚೇನಲ್ಲೋ ಅದಕ್ಕ!" ಎಂದು ಕುಸಿದು ಕೂತಳು. ಸಂಜಯ ವೇದಿಕೆಗೆ ಜಿಗಿದು ಮೈಕು ಕಸಿದುಕೊಂಡ.

"ನೋಡ್ರಿ, ನಂದೊಂದು ಲೆವೆಲ್ ಐತಿ! ಮಾಮಾ ನಮ್ಮ ಓಣಿ ಮಾನಾ ಕಳದ್ರು. ನನಗ ಮೊದಲ ಸಂಶೇ ಇತ್ತು. ನಾ ಒಂದ್ ಹನಿ ಸೈತ ಮುಟ್ಟಿಲ್ಲ. ಎಲ್ಲಿ ತರ್ರಿ ಮೊರಾ, ನಾ ಆಣಿ ಮಾಡ್ತೇನಿ!"

ಕೈ ಮುಂದೆ ಚಾಚಿದ. ಅಡಿವೆವ್ವ ಅವನ ಕೈಯನ್ನು ಗಾಳಿಯಲ್ಲೇ ಹಿಡಿದಳು. ನಿತ್ಯ ರೊಟ್ಟಿ ಬಡಿಯುವ ಕೈ ಅದು, ಸಂಜಯ ಅಲ್ಲಾಡಲಿಲ್ಲ.

"ಮೊದಲ ಮೀಸಿ ಒರಸಿಕೊ, ತಮ್ಮಾ" ಎಂದಳು. "ನೊರಿ ಹತ್ತೇತಿ."

ಓಣಿ ಗೊಳ್ಳೆಂದು ನಕ್ಕಿತು. ಅಡಿವೆವ್ವ ನಗಲಿಲ್ಲ. ಸಂಜಯನ ಕೈಬಿಟ್ಟು ಸಭೆಯ ಕಡೆ ತಿರುಗಿದಳು. ಮೈಕು ಬೇಡವೆಂದಳು.

"ಅದು ಸೆರೆ ಅಂತ ನನಗ ಮೂಗಿಗೆ ಹಿಡಿದಾಗನ ಗೊತ್ತಾತು. ಆ ವಾಸನಿ ಜೋಡಿ ಸಂಸಾರ ಮಾಡೇನಿ ನಾನು. ಮಾಲಿಂಗಪ್ಪ ಏನಂತಾನ ನೋಡೂಣು ಅಂತ ಸುಮ್ನ ಕುಂತಿದ್ದೆ. ನನ್ನ ಗಂಡ ತೂರಾಡಿಕೋತ ಬರ್ತಿದ್ದ, ಯಾಕ ಕುಡದಿ ಅಂದ್ರ, ಎಲ್ಲಿ ಕುಡದೇನಿ, ಕುಡಿದಿಲ್ಲ ಅಂತಿದ್ದ. ಗಟಾರದಾಗ ಬಿದ್ದಾಗನೂ ಕುಡಿದಿಲ್ಲ ಅಂದ. ಸಾಯೂ ಮುಂದನೂ ಕುಡಿದಿಲ್ಲ ಅಂದ. ನಿಮ್ಮೆಲ್ಲಾರ ಮನ್ಯಾಗೂ ಅದ ಮಾತು. ಕುಡದು, 'ಕುಡದೇನಿ' ಅಂದ ಗಂಡಸನ್ನ ನನ್ನ ಜಲ್ಮದಾಗ ನಾ ಇವತ್ತ ನೋಡಿದ್ದು."

ನನ್ನ ಕೈಯಿಂದ ಹಾರ ತಗೊಂಡು, ಮಹಾಲಿಂಗಪ್ಪನ ಕೊರಳಿಗೆ ತಾನೇ ಹಾಕಿದಳು. ಅವನ ತೋಳು ಹಿಡಿದು ಎಬ್ಬಿಸಿ ನಡುವಿನ ಕುರ್ಚಿಯ ಮೇಲೆ ಕೂಡಿಸಿದಳು. ಮೊದಲು ಚಪ್ಪಾಳೆ ತಟ್ಟಿದವಳು ಜನ್ನತಬಿ, ಆಮೇಲೆ ಹೆಂಗಸರೆಲ್ಲ, ಎಲ್ಲರಿಗಿಂತ ಕೊನೆಗೆ, ಬೇರೆ ದಾರಿ ಕಾಣದೆ, ಗಂಡಸರು. ಕುರ್ಚಿಯ ಮೇಲೆ ಕೂತ ಮಹಾಲಿಂಗಪ್ಪ ಸಣ್ಣ ಮಕ್ಕಳ ಹಾಗೆ ಅತ್ತ.

ಹೊಸ ಅಧ್ಯಕ್ಷರ ಮುಂದೆ ಬಂದ ಮೊದಲ ಸಮಸ್ಯೆ, ಬಾಟಲಿಯ ತಳದಲ್ಲಿ ಉಳಿದಿದ್ದ ನಾಲ್ಕು ಬೆರಳಿನಷ್ಟು ತೀರ್ಥ. ಪ್ರಸಾದವೆಂದರೆ ಚೆಲ್ಲುವಂತಿಲ್ಲ, ಸೆರೆಯೆಂದರೆ ಇಟ್ಟುಕೊಳ್ಳುವಂತಿಲ್ಲ. ದುರ್ಗೇಶ ಸಾಹೇಬರು ಬೇಕಾದರೆ ತಾವು ಜಪ್ತಿ ಮಾಡುತ್ತೇವೆಂದು ಮೆಲ್ಲಗೆ ಸೂಚಿಸಿದರು. ಅಡಿವೆವ್ವ ಅವರನ್ನು ಒಮ್ಮೆ ನೋಡಿದಳು, ಸಾಹೇಬರು ಸೂಚನೆ ಹಿಂದಕ್ಕೆ ಪಡೆದರು. ಕೊನೆಗೆ ಅದನ್ನು ಕಾಲು ತುಳಿಯದ ಜಾಗದಲ್ಲಿ ಹಸಿರು ಗಿಡಕ್ಕೆ ಉಣಿಸಬೇಕೆಂದು ಠರಾವಾಯಿತು. ವೀರವ್ವ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು ಕೈಮುಗಿದಳು.

ಆ ಗಿಡ ಈಗ ಗೋಡೆ ಮೀರಿ ಬೆಳೆದಿದೆ. ಗೊಬ್ಬರದಂಗಡಿಯ ಸಂಜಯನೇ ಬಂದು ಏನು ಹಾಕಿದಿರಿ ಎಂದು ಕೇಳಿ ನಾಲಿಗೆ ಕಚ್ಚಿಕೊಂಡು ಹೋದ. ಮೊನ್ನೆ ಸಂಜೆ ನಾನು ಗೋಡೆಯಾಚೆ ಇಣುಕಿದಾಗ ಅಧ್ಯಕ್ಷರು ಒಂದು ಎಲೆ ಕಿತ್ತು, ತಿಕ್ಕಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಒಳಗಿನಿಂದ ಬಂದ ವೀರವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು:

"ಇಲ್ಲಿ ನಿಂತು ಏನ್ ಮಾಡಾಕತ್ತೀರಿ?"

ಮಹಾಲಿಂಗಪ್ಪ ಕಣ್ಣು ತೆರೆಯಲಿಲ್ಲ.

"ನೆನಸಾಕತ್ತೇನಿ" ಎಂದ. "ನೆನಸಬಾರದು ಅಂತ ಆಣಿಯೊಳಗ ಇಲ್ಲ."